ಬಾಯಿ ನೋಡಿ ಕೇಳುತ್ತಿದ್ದ ಇಂಗ್ಲಿಷ್ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗಿವಿಯ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ ಇರುತ್ತಿತ್ತು. ಬೋರ್ಡಿನ ಮೇಲೆ ಬರೆದ ಕೈಯನ್ನೇ ಕಿವಿಯ ಹಿಂದೆ ಇಟ್ಟುಕೊಂಡು, ತುಸು ಬಾಗಿ, ಅವರು ನಮ್ಮ ಉತ್ತರ ಕೇಳುತ್ತಿದ್ದರು.

ಐವತ್ತರ ದಶಕದ ಕೊನೆಯ ವರ್ಷಗಳವು. ಮೇಷ್ಟ್ರ ಮನೆ ಹರಿಹರದಲ್ಲಿ. ಬೆಳಗಿನ ರೈಲಿಗೆ ದಾವಣಗೆರೆಗೆ ಬಂದು, ಸ್ಟೇಷನ್ನಿನಿಂದ ಶಾಲೆಗೆ ನಡೆದೇ ಬರುತ್ತಿದ್ದರು. ನನ್ನ ಅಪ್ಪ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ನಾನು ಒಂದು ಪದಕ್ಕೆ ಒಂದೇ ಅರ್ಥ ಎಂದು ಬಾಯಿಪಾಠ ಮಾಡುತ್ತಿದ್ದೆ. ಅದೇ ಪದ ಇನ್ನೊಂದು ಅರ್ಥದಲ್ಲಿ ಎದುರಾದರೆ ಅಳು ಬರುತ್ತಿತ್ತು.

"ಪದಾನ ಒಂಟಿಯಾಗಿ ಹಿಡೀಬ್ಯಾಡ್ರಿ. ಅದು ಯಾರ ಮಗ್ಗುಲಾಗೆ ಕುಂತೈತೆ, ಮೊದ್ಲು ಅದನ್ನ ನೋಡ್ರಿ," ಎನ್ನುತ್ತಿದ್ದರು ಮೇಷ್ಟ್ರು. "ನಮ್ಮ ಹರಿಹರದಾಗೆ ಹೊಳಿಗೂ ಬ್ಯಾಂಕ್ ಐತೆ. ಆದ್ರೆ ಅಲ್ಲಿ ಯಾರೂ ರೊಕ್ಕ ಇಡಂಗಿಲ್ಲ." ಪ್ರತಿಯೊಂದು ಪದವನ್ನೂ ನಮ್ಮ ಮನೆಯ ಮಾತಿನಲ್ಲಿ ಕೂರಿಸಿ ತರಬೇಕಿತ್ತು. ಒಮ್ಮೆ 'ಫೈನ್' ಎಂಬ ಪದ ಕೊಟ್ಟರು. ಹವಾ ಫೈನ್ ಎಂದು ಒಬ್ಬಳು, ತಡವಾಗಿ ಬಂದವರಿಗೆ ಫೈನ್ ಎಂದು ಇನ್ನೊಬ್ಬಳು ಬರೆದಳು. ನಾನು ಅಪ್ಪನನ್ನು ಕೇಳಿ, ಗಿರಣಿಯಲ್ಲಿ ನವಿರಾದ ನೂಲಿಗೂ ಫೈನ್ ಅನ್ನುತ್ತಾರೆಂದು ತಿಳಿದು ಬರೆದಿದ್ದೆ. ಮೇಷ್ಟ್ರು ಅದನ್ನು ಎರಡೆರಡು ಸಲ ಓದಿದರು. "ನಿಮ್ಮ ಮನಿಯಾಗೂ ಇಂಗ್ಲಿಷ್ ಐತೆ ನೋಡಮ್ಮ," ಅಂದರು. ಆ ದಿನದಿಂದ ನನಗೆ ಇಂಗ್ಲಿಷಿನ ಭಯ ಹೋಯಿತು.

ಒಂದು ದಿನ ನನಗೆ ಶಾಲೆಯಲ್ಲೇ ಜ್ವರ ಬಂದು, ಅಪ್ಪ ಕರೆದುಕೊಂಡು ಹೋಗಲು ಬಂದರು. ಮೇಷ್ಟ್ರ ಜೊತೆ ನಾಲ್ಕು ಮಾತಾಡಿ ಹೊರಗೆ ಬಂದವರು ದಾರಿಯಲ್ಲಿ ಮೆಲ್ಲಗೆ ಹೇಳಿದರು:

"ನಿಮ್ಮ ಮೇಷ್ಟ್ರಿಗೆ ಕಿವಿ ಕೇಳ್ಸಂಗಿಲ್ಲ."

"ಕೇಳ್ತಾರಪ್ಪ. ನಾವು ಹೇಳಿದ್ದಕ್ಕೆಲ್ಲ ಉತ್ತರ ಕೊಡ್ತಾರೆ."

"ಬಾಯಿ ನೋಡಿ ತಿಳ್ಕಂತಾರೆ. ಮಗ್ಗದ ಸದ್ದಿನಾಗೆ ನಾವೆಲ್ಲ ಹಂಗೇ ಮಾತಾಡೋದು. ಯಾರ ಮುಂದೂ ಅನ್ನಬ್ಯಾಡ."

ನಾನು ಅನ್ನಲಿಲ್ಲ. ಆದರೆ ಮುಂದಿನ ಬೆಂಚಿಗೆ ಬಂದು ಕೂತೆ. ತುಟಿ ಬಿಡಿಸಿ, ನಿಧಾನವಾಗಿ ಮಾತಾಡತೊಡಗಿದೆ. ಕೆಲವು ವಾರಗಳಲ್ಲಿ ಇಡೀ ತರಗತಿಯೇ ಹಾಗೆ ಮಾತಾಡುತ್ತಿತ್ತು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ.

ಆ ವರ್ಷ ಇನ್‌ಸ್ಪೆಕ್ಟರು ಬಂದರು. ಹಿಂದಿನ ಗೋಡೆಗೆ ಒರಗಿ ಪಾಠ ಕೇಳಿದರು. ಮೇಷ್ಟ್ರು ನಮಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಇನ್‌ಸ್ಪೆಕ್ಟರು ಹಿಂದಿನಿಂದ ಏನೋ ಪ್ರಶ್ನೆ ಹಾಕಿದರು. ಮೇಷ್ಟ್ರು ಬರೆಯುತ್ತಲೇ ಇದ್ದರು. ಮತ್ತೆ ಇನ್ನೂ ಜೋರಾಗಿ ಕೇಳಿದರು. ಸೀಮೆಸುಣ್ಣ ನಿಲ್ಲಲಿಲ್ಲ. ಅಕ್ಷರಗಳು ಎಂದಿನಂತೆ ದುಂಡಗೆ, ಸಾಲು ತಪ್ಪದೆ ಮೂಡುತ್ತಿದ್ದವು. ಸಾಲು ಮುಗಿಸಿ ತಿರುಗಿದ ಮೇಷ್ಟ್ರು ಮೊದಲು ನೋಡಿದ್ದು ನಮ್ಮ ಮುಖಗಳನ್ನು.

"ಸಾಹೇಬ್ರು ಏನಾದ್ರೂ ಕೇಳಿದ್ರೇನು?" ಅಂದರು.

ಇನ್‌ಸ್ಪೆಕ್ಟರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಗೆ ನಡೆದರು. ಮೇಷ್ಟ್ರು ಕೈಯ ಪುಡಿ ಒರೆಸಿಕೊಂಡು ಪಾಠ ಮುಂದುವರಿಸಿದರು. ವರ್ಷ ಮುಗಿಯುವ ಮುಂಚೆ ಅವರನ್ನು ಕೆಲಸದಿಂದ ಬಿಡಿಸಿದರು.

ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ಹೇಳಲು ಅಪ್ಪನ ಜೊತೆ ಹರಿಹರಕ್ಕೆ ಹೋದೆ. ಮೇಷ್ಟ್ರು ನನ್ನ ತಲೆಯ ಮೇಲೆ ಕೈಯಿಟ್ಟು ನಕ್ಕರು, ಮಾತಾಡಲಿಲ್ಲ. ತಮ್ಮ ದನಿ ಎಷ್ಟು ಜೋರಾಗುತ್ತದೋ ತಮಗೇ ತಿಳಿಯದೆಂದು ನಾಚಿ, ಅವರು ಮನೆಯಲ್ಲೂ ಮಾತು ಬಿಟ್ಟಿದ್ದರಂತೆ.

ನಾನು ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ಅವರು ವಿಷಮಜ್ವರದಿಂದ ತೀರಿಕೊಂಡರು. ಸುದ್ದಿ ತಲುಪಿ ನಾನು ಹೋಗುವಷ್ಟರಲ್ಲಿ ತಿಥಿಯೂ ಕಳೆದಿತ್ತು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಆಮೇಲೆ ಆಕೆ ಕೇಳಿದರು:

"ಸಾಲಿಯಾಗೆ ಅವ್ರು ಪಾಠ ಹೆಂಗೆ ಮಾಡ್ತಿದ್ರಮ್ಮ? ನಾನು ಒಂದಿನಾನೂ ಕೇಳ್ಲಿಲ್ಲ."

ನಾನು ಸೆರಗು ಸರಿಪಡಿಸಿಕೊಂಡು ಎದ್ದು ನಿಂತೆ. ಮೇಷ್ಟ್ರು ಹೇಳುತ್ತಿದ್ದ ಧಾಟಿಯಲ್ಲೇ 'ವೆಲ್' ಎಂಬ ಪದ ತೆಗೆದುಕೊಂಡು, ಬಾವಿಗೂ ವೆಲ್, ಮೈಯಾಗೆ ಆರಾಮ ಇದ್ದರೂ ವೆಲ್ ಎಂದು, ಅವರಂತೆಯೇ ನಡುನಡುವೆ ತಮಾಷೆ ಸೇರಿಸಿ ಪೂರ್ತಿ ಪಾಠ ಒಪ್ಪಿಸಿದೆ. ಓದು ಬಾರದ ಆ ತಾಯಿ ಕಣ್ಣು ಮಿಟುಕಿಸದೆ ಕೇಳಿದರು.

"ಇಷ್ಟೊಂದು ಮಾತಾಡ್ತಿದ್ರಾ ಅವ್ರು?"

"ಹೂಂ ಅಮ್ಮ. ದಿನಾಲೂ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೆ ಒರಗಿ ಸರಿಯಾಗಿ ಕುಳಿತರು.

"ಇನ್ನೊಂದು ಹೇಳು," ಅಂದರು.