ವಾಂತಿ ಬರುವವರಿಗೆ ಕಿಟಕಿ

ನಿನ್ನೆ ಅಮ್ಮನಿಗೂ ನನಗೂ ಮಂಗಳೂರು ವಿಮಾನದಲ್ಲಿ ಸೀಟು ಆರಿಸುತ್ತಿದ್ದೆ. ಅಡುಗೆಮನೆಯಲ್ಲಿ ಅಮ್ಮ ನಿಂಬೆಹಣ್ಣು ಕೊಯ್ದ ವಾಸನೆಗೆ ಹಳೆಯ ಬಸ್ಸು ನೆನಪಾಯಿತು.

ಅಪ್ಪ ತಮಿಳು ಸೀಮೆಯ ವೆಸ್ಟ್ ಮಾಂಬಲಂನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು; ನಾವೂ ಅಲ್ಲೇ ಇದ್ದೆವು. ರಜೆಯಲ್ಲಿ ಅಮ್ಮ ನನ್ನನ್ನೂ ತಂಗಿಯನ್ನೂ ಬಸ್ಸಿನಲ್ಲಿ ಊರಿಗೆ ಕರೆದೊಯ್ಯುತ್ತಿದ್ದಳು. ಘಾಟಿ ರಸ್ತೆಯಲ್ಲಿ ಕಿಟಕಿ ಸೀಟು ವಾಂತಿ ಮಾಡುವವರಿಗೆ ಮಾತ್ರ ಎಂಬುದು ಅವಳ ಕಾನೂನು. ಹಾಗಾಗಿ ಅದು ಯಾವಾಗಲೂ ತಂಗಿಗೆ. ಪಕ್ಕದಲ್ಲಿ ಅಮ್ಮ, ನಿಂಬೆಸಿಪ್ಪೆಯನ್ನು ಉಗುರಿನಿಂದ ಗೀರಿ ಅವಳ ಮೂಗಿಗೆ ಹಿಡಿಯುತ್ತಿದ್ದಳು. ಕೊನೆಯಲ್ಲಿ ನಾನು. ತಂಗಿ ಕಣ್ಣು ಮುಚ್ಚಿಕೊಂಡೇ ಘಟ್ಟ ಇಳಿಯುತ್ತಿದ್ದಳು.

ಬಿಸಿಲು ಬೀಳದ ಬಲಬದಿಯಲ್ಲಿ, ವಿಮಾನದ ರೆಕ್ಕೆಗಿಂತ ಮುಂದೆ ಕುಳಿತರೆ ಘಟ್ಟ ಚೆನ್ನಾಗಿ ಕಾಣುತ್ತದಂತೆ. ಅಂಥದ್ದೊಂದು ಕಿಟಕಿ ಸೀಟು ಖಾಲಿಯಿತ್ತು.

"ಅಮ್ಮಾ, ಕಿಟಕಿ ನಿಂಗೆ," ಎಂದೆ.

"ನಂಗೆಂತಕೆ ಮಗಾ? ನಂಗೆ ವಾಂತಿ ಬತ್ತಿಲ್ಲೆ."