ಕರಿಯನ ಗೂಡಿನ ಮೊಳೆಗಳು

ನನ್ನ ಮಗುವಿಗೆಂದು ತಾನೇ ಮಾಡಿದ ತೊಟ್ಟಿಲನ್ನು ಅಪ್ಪ ಇವತ್ತು ತಂದಿಟ್ಟ. ಪೆಟ್ಟಿಗೆ ಹಲಗೆಯ ವಾಸನೆ ಮೂಗಿಗೆ ಬಡಿದದ್ದೇ, ವಾರದಿಂದ ನಿದ್ದೆಯಿಲ್ಲದ ನನ್ನ ತಲೆ ನಾನು ಬೆಳೆದ ಬ್ಲಫ್ ಎಂಬ ಊರಿಗೆ ಓಡಿತು.

ಅಲ್ಲಿನ ಪವರ್‌ಹೌಸಿನಲ್ಲಿ ಅಪ್ಪನಿಗೆ ಕೆಲಸ. ಯಂತ್ರಗಳು ಬಂದ ಪೆಟ್ಟಿಗೆ ಒಡೆದು, ಡೊಂಕು ಮೊಳೆಗಳನ್ನು ಒರಳುಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿ, ಮನೆಗೆ ಬೇಕಾದದ್ದೆಲ್ಲ ತಾನೇ ಮಾಡುತ್ತಿದ್ದ. ನಮ್ಮ ನಾಯಿ ಕರಿಯನಿಗೂ ಒಂದು ಗೂಡು ಮಾಡಿದ. ಕರಿಯ ಒಳಗೆ ಹೋಗಲೊಲ್ಲದು.

"ಕೊಬ್ಬು ಕಣಮ್ಮ ಇದ್ಕೆ! ಬಂಗ್ಲೆ ಬೇಕೇನ್ಲಾ ನಿಂಗೆ?" ಎಂದು ಅಪ್ಪ ಅದನ್ನು ಒದ್ದು ತಳ್ಳಿ ಬಾಗಿಲು ಹಾಕಿದ.

ಬೆಳಿಗ್ಗೆ ಹೊರಗೆ ಬಿಟ್ಟಾಗ ಅದರ ಬೆನ್ನೆಲ್ಲ ರಕ್ತ. ಗೂಡಿನೊಳಗೆ ಕೈಯಾಡಿಸಿದೆ. ಹಲಗೆಯ ದಪ್ಪಕ್ಕಿಂತ ಉದ್ದದ ಮೊಳೆಗಳು ಸಾಲಾಗಿ ಒಳಗೆ ಚಾಚಿಕೊಂಡಿದ್ದವು.

"ನಾಯಿ ಚರ್ಮ, ಮಾಯ್ತದೆ ಬುಡು," ಎಂದ ಅಪ್ಪ. ಆ ಮಾತು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

"ಕೊಡವ್ವ ಕೂಸ್ನ, ಮಲಗ್ಸಿ ನೋಡಾಣ," ಎಂದು ಈಗ ಕೈ ಚಾಚಿದ.

ಮಗುವನ್ನು ಅವುಚಿಕೊಂಡೆ. "ಮೊದ್ಲು ನಿನ್ ಕೈ ಒಳಗಾಡ್ಸಪ್ಪ. ಸುತ್ತಲೂ."

ನಗುತ್ತಲೇ ಸವರುತ್ತಿದ್ದ ಅಂಗೈ ಒಂದು ಮೂಲೆಯಲ್ಲಿ ತಟಕ್ಕನೆ ನಿಂತಿತು. ಅಪ್ಪ ಚೀಲದಿಂದ ಇಕ್ಕಳ ತೆಗೆದ.

ಅದೇ ಇಕ್ಕಳ. ಕರಿಯನ ಕಾಲದಲ್ಲೂ ಅದು ಮನೆಯಲ್ಲೇ ಇತ್ತು.