ರಸ್ತೆಯಾಚೆ ನಿಂತು 'ಸರಿ' ಎನ್ನುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಕಲ್ಲುಕಟ್ಟಡದ ಗೋಡೆಗೆ ಏಣಿ ಒರಗಿದೆ. ಕಲ್ಲಿಗೆ ಗೀರು ಬೀಳದಿರಲೆಂದು ಅದರ ಮೇಲಿನ ಎರಡೂ ತುದಿಗೆ ಹಳೇ ಕಾಲುಚೀಲ ತೊಡಿಸಿದ್ದಾರೆ, ಬುಡಕ್ಕೆ ಮರಳಿನ ಮೂಟೆ ಒತ್ತಿದ್ದಾರೆ. ಮೇಲೆ ಸೊಸೆ. ರಸ್ತೆಯ ಆಚೆ ಬದಿಯ ಫುಟ್‌ಪಾತಿನಲ್ಲಿ ಅತ್ತೆ, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು. ಬಾಯಲ್ಲಿ ಕಚ್ಚಿಕೊಂಡಿದ್ದ ನಟ್ಟನ್ನು ಅಂಗೈಗೆ ಉಗಿದು ಸೊಸೆ ಕೂಗುತ್ತಾರೆ.

"ಅತ್ತೇ, ಈಗ?"

"ಎಡಗಡೆ ಒಂದು ನೂಲು ಎತ್ತು."

"ಈಗ?"

"ಹಾಂ, ಸರಿ."

ನೂಲು ಎಂದರೆ ಬಡಗಿಗಳ ಅಳತೆ, ಅಂಗುಲದ ಎಂಟನೇ ಒಂದು ಪಾಲು. ರಸ್ತೆಯಾಚೆಯಿಂದ ಅಷ್ಟನ್ನು ಬರಿಗಣ್ಣಲ್ಲಿ ಅಳೆದು ಹೇಳುವುದು ಅತ್ತೆಯ ಕೆಲಸ, ಹೇಳಿದಷ್ಟನ್ನು ಮಾಡುವುದು ಸೊಸೆಯ ಕೆಲಸ. ಅತ್ತೆ 'ಸರಿ' ಅಂದ ಮೇಲೆ ಮುಗಿಯಿತಲ್ಲ? ಊಹೂಂ. ಸೊಸೆ ಏಣಿ ಇಳಿಯುತ್ತಾರೆ. ನೀರು ಕುಡಿಯಬೇಕಂತೆ. ರಸ್ತೆ ದಾಟಿ, ಬಾಟಲಿ ಬಾಯಿಗಿಟ್ಟು, ಓರೆಗಣ್ಣಲ್ಲಿ ಬೋರ್ಡು ನೋಡಿ, ಮತ್ತೆ ದಾಟಿ ಮತ್ತೆ ಹತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಸ್ಕ್ರೂಡ್ರೈವರ್ ಮರೆತದ್ದು ನೆನಪಾಗುತ್ತದೆ, ಮತ್ತೆ ಇಳಿಯುತ್ತಾರೆ. ಸ್ಕ್ರೂಡ್ರೈವರ್ ಅವರ ಹಿಂಜೇಬಿನಲ್ಲೇ ಇದೆ, ನನಗೂ ಕಾಣುತ್ತಿದೆ! ಆ ಹತ್ತಿಳಿಯುವ ಆಟ ನೋಡಿ ನೋಡಿ ನಿಂತಲ್ಲೇ ನನ್ನ ಕಾಲು ಸೋತುಹೋಗಿದೆ.

ನಿಜ ಹೇಳಿಬಿಡುತ್ತೇನೆ, ನಾನು ಬಂದಿರುವುದು ಸೊಸೆಯ ಬಗ್ಗೆ ಬರೆಯಲು. ಏಣಿ ಹತ್ತಿದ ಹೆಂಗಸಿನ ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಪುರವಣಿಯವರ ಎಣಿಕೆ. ಕೆಳಗೆ ನಿಂತು ಕೂಗುವವರ ಫೋಟೊ ಯಾರಿಗೆ ಬೇಕು? ನನಗೂ ಬೇಕಿರಲಿಲ್ಲ.

ಈ ಕಟ್ಟಡ ಸಂರಕ್ಷಿತ. ಕೆಳಗಿನ ಅಂತಸ್ತಿಗೆ ಚಪ್ಪಲಿ ಅಂಗಡಿ ಬಂದಿದೆ, ಇವತ್ತೇ ಬಾಗಿಲು ತೆರೆಯಬೇಕು. ಹಾಗಂತ ಬೋರ್ಡನ್ನು ಮನಸ್ಸಿಗೆ ಬಂದಂತೆ ಬಡಿಯುವ ಹಾಗಿಲ್ಲ. ಮಿನುಗುವ ದೀಪ ಕೂಡದು, ಕಲ್ಲಿಗೆ ಹೊಸ ತೂತು ಕೂಡದು. ಹಿಂದೆ ಯಾರೋ ಹೊಡೆದಿಟ್ಟ ಎರಡು ಕಬ್ಬಿಣದ ಕೊಕ್ಕೆಗಳಿವೆ, ಮರದ ಹಲಗೆಯನ್ನು ಅವಕ್ಕೇ ತೂಗುಹಾಕಬೇಕು. ಒಂದೊಂದು ಕೊಕ್ಕೆಯ ಕೆಳಗೂ ತಿರುಪಿನ ಸರಳು, ಅದಕ್ಕೊಂದು ನಟ್ಟು. ನಟ್ಟು ತಿರುಗಿಸಿದಂತೆ ಹಲಗೆಯ ಆ ಬದಿ ಏರುತ್ತದೆ, ಇಳಿಯುತ್ತದೆ.

ಇಷ್ಟೇ ಆಗಿದ್ದರೆ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ನಡುವೆ ನಿಂತಿತೇ ಎಂದು ನೋಡಿ ಮನೆಗೆ ಹೋಗಬಹುದಿತ್ತು. ಆದರೆ ಕಟ್ಟಡ ಕೇಳಬೇಕಲ್ಲ! ವಯಸ್ಸಾಗಿ ಅದು ಎಡಕ್ಕೆ ಕುಸಿದಿದೆ. ಬಾಗಿಲ ಮೇಲಿನ ಕಲ್ಲಿನ ಹೂಬಳ್ಳಿಯ ಪಟ್ಟಿಯೇ ಓರೆ. ರಸಮಟ್ಟದ ಮಾತು ಕೇಳಿದರೆ ಪಟ್ಟಿಯ ಕೆಳಗೆ ಬೋರ್ಡು ಸೊಟ್ಟಗೆ ಕಾಣುತ್ತದೆ. ಪಟ್ಟಿಯ ಮಾತು ಕೇಳಿದರೆ ಅಂಗಡಿಯೇ ಜಾರಿಹೋಗುತ್ತಿದೆ ಅನಿಸುತ್ತದೆ. ಎರಡರ ನಡುವೆ ಎಲ್ಲೋ ಒಂದು ಸರಿಯಾದ ಜಾಗವಿದೆ. ಏಣಿಯ ಮೇಲಿದ್ದವರಿಗೆ ಅದು ಕಾಣುವುದಿಲ್ಲ, ರಸ್ತೆಯಾಚೆ ನಿಂತವರಿಗೆ ಮಾತ್ರ ಕಾಣುತ್ತದೆ.

ಅಂಗಡಿಯವರು ಪಾಪ, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖದಲ್ಲಿ ಮೊಬೈಲು ಹಿಡಿದು ಓಡಾಡುತ್ತಿದ್ದಾರೆ. ಮಟ್ಟ ನೋಡುವ ಆ್ಯಪ್ ಹಾಕಿಸಿಕೊಂಡಿದ್ದಾರೆ.

"ಅದನ್ನ ಜೇಬಿಗೆ ಹಾಕ್ಕೊಳ್ಳಿ ಸ್ವಾಮಿ," ಎಂದು ಅತ್ತೆ ಅಲ್ಲಿಂದಲೇ ಕೂಗುತ್ತಾರೆ. "ನಿಮ್ಮ ಗಿರಾಕಿಗಳೇನು ಮೊಬೈಲ್ ಅಡ್ಡ ಹಿಡ್ಕೊಂಡು ಬೋರ್ಡ್ ಓದ್ತಾರಾ?"

"ಅಮ್ಮಾ, ನನಗೆ ಕೈಕಾಲು ಆಡ್ತಿಲ್ಲ."

"ಆಡದಿದ್ರೆ ಕೂತ್ಕೊಳ್ಳಿ. ಅಷ್ಟೊಂದು ಚಪ್ಪಲಿ ಡಬ್ಬ ಇದೆಯಲ್ಲ ಕೂರೋಕೆ."

ಅತ್ತೆಯ ಬಾಯಿ ಇಂಥದ್ದು. ವಯಸ್ಸಾದ ಮೇಲೆ ಬಂದ ಬಾಯಿ ಅಂದುಕೊಳ್ಳಬೇಡಿ, ಮೊದಲಿನಿಂದಲೂ ಹೀಗೇ ಅಂತೆ. ಗಂಡ ಬೋರ್ಡು ಬರೆಯುತ್ತಿದ್ದರು, ಅದನ್ನು ಹೊತ್ತು ಏಣಿ ಹತ್ತುತ್ತಿದ್ದವರು ಇವರು. ಗಂಡ ತೀರಿಕೊಂಡ ಮೇಲೆ ಮಗ ಅಕ್ಷರ ಕೊರೆಯುವುದನ್ನು ಕಲಿತ. ಕೈ ಬಂಗಾರ, ಆದರೆ ಎತ್ತರ ಕಂಡರೆ ಆಗದು. "ಕುರ್ಚಿ ಮೇಲೆ ನಿಂತು ಬಲ್ಬ್ ಹಾಕೋಕೂ ಕಣ್ಣು ಮುಚ್ಕೊಳ್ತಾನೆ ನನ್ನ ಮಗ," ಎಂದು ಅತ್ತೆ ನಗುತ್ತಾರೆ. "ಇವಳನ್ನ ಮದುವೆ ಆಗ್ತೀನಿ ಅಂತ ತೋರಿಸಿದಾಗ ಇವಳು ಮೂರನೇ ಮಹಡಿ ಕಿಟಕಿ ಹೊರಗೆ ನಿಂತು ಗಾಜು ಒರೆಸ್ತಾ ಇದ್ಲು. ನಾನು ಕೆಳಗಿಂದಲೇ ಹೂಂ ಅಂದ್ಬಿಟ್ಟೆ. ಹೆಸರೂ ಕೇಳಲಿಲ್ಲ."

ಕೆಲವು ವರ್ಷ ಅತ್ತೆ ಸೊಸೆ ಇಬ್ಬರೂ ಏಣಿ ಹತ್ತಿದರು. ಆಮೇಲೆ, ವಯಸ್ಸಾಯಿತು ಸಾಕು ಎಂದು ಮಗ ಸೊಸೆ ಸೇರಿ ಅತ್ತೆಯನ್ನು ಕೆಳಗಿಳಿಸಿದರು. ಆ ಸಿಟ್ಟು ಇನ್ನೂ ಆರಿಲ್ಲ. "ನನ್ನ ಕಾಲು ಗಟ್ಟಿಯಾಗೇ ಇತ್ತು ಪೇಪರಿನವರೇ. ಇವರಿಬ್ಬರ ಎದೆ ಗಟ್ಟಿ ಇರಲಿಲ್ಲ, ಅಷ್ಟೇ." ಇಳಿದವರು ಮನೆಯಲ್ಲಿ ಕೂರಲಿಲ್ಲ, ರಸ್ತೆ ದಾಟಿ ಆಚೆ ನಿಂತರು. ಬಿಸಿಲೇರಿದಾಗ ಸೊಸೆಗೆ ಗೋಡೆಯ ನೆರಳಾದರೂ ಉಂಟು, ಅತ್ತೆಗೆ ಅದೂ ಇಲ್ಲ. ಕಾರಿನವರು ಹಾರ್ನ್ ಹೊಡೆಯುತ್ತಾರೆ, ಸೈಕಲ್ಲಿನವರು ಬೈಯುತ್ತಾರೆ. ಈ ಬೀದಿಯ ಉದ್ದಕ್ಕೂ ತೂಗುತ್ತಿರುವ ಬೋರ್ಡುಗಳೆಲ್ಲ ಇವರ ಬಾಯಿಂದ 'ಸರಿ' ಅನ್ನಿಸಿಕೊಂಡವೇ.

ಅಂಗಡಿಯವರು ಚಹಾ ತರಿಸುತ್ತಾರೆ. ಅತ್ತೆ ಲೋಟ ಹಿಡಿದು ಆಚೆಯೇ ನಿಲ್ಲುತ್ತಾರೆ. ಸೊಸೆ ನನ್ನನ್ನು ಅಂಗಡಿಯ ಒಳಗೆ, ಹೊಸ ಚರ್ಮದ ವಾಸನೆಯ ಡಬ್ಬಗಳ ಸಂದಿಗೆ ಕರೆಯುತ್ತಾರೆ. ಅವರು ಕೂರುವುದಿಲ್ಲ. ಸ್ಪ್ಯಾನರನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಲೇ ಇರುತ್ತಾರೆ.

"ಅತ್ತೆಗೆ ಕಾಣಿಸ್ತಿಲ್ಲ," ಎನ್ನುತ್ತಾರೆ.

ನನಗೆ ಅರ್ಥವಾಗುವುದಿಲ್ಲ.

"ಹತ್ತಿರದ್ದು ಕಾಣುತ್ತೆ, ದೂರದ್ದು ಮಬ್ಬು. ಹೋದ ವಾರ ಅನುಮಾನ ಬಂತು. 'ಬಲಗಡೆ ಒಂದು ನೂಲು ಇಳಿಸು' ಅಂದ್ರು. ನಾನು ನಟ್ಟು ಮುಟ್ಟಲೇ ಇಲ್ಲ. ಸುಮ್ನೆ ನಿಂತು 'ಈಗ?' ಅಂದೆ. 'ಈಗ ಸರಿಯಾಯ್ತು' ಅಂದ್ರು." ಸೊಸೆ ಬಾಗಿಲಾಚೆ ಇಣುಕಿ ನೋಡುತ್ತಾರೆ. "ನಾನು ಯಾಕಾದ್ರೂ ಹಾಗೆ ಮಾಡಿದ್ನೋ. ಅವತ್ತಿಂದ ನನಗೆ ನೆಮ್ಮದಿ ಇಲ್ಲ. ಏನೋ ಒಂದು ನೆಪ ಹೇಳಿ ನಾನೇ ಇಳಿದು ಇಳಿದು ನೋಡ್ಕೋತೀನಿ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದ್ರೆ ಮಾತು ಹಾರಿಸ್ತಾರೆ. ಹೇಗೆ ಹೇಳಲಿ? ಏಣಿಯಿಂದ ನಾವೇ ಇಳಿಸಿದ್ವಿ. ಈಗ ರಸ್ತೆಯಿಂದಲೂ ಕಳಿಸಿದ್ರೆ ಅವರು ಎಲ್ಲಿ ಹೋಗಿ ನಿಲ್ಲಬೇಕು?"

ಚಹಾ ಆರಿಹೋಗಿದೆ.

ಅಷ್ಟರಲ್ಲಿ ಸಂರಕ್ಷಣಾ ಕಚೇರಿಯ ಮೇಡಂ ಬಂದಿಳಿಯುತ್ತಾರೆ, ಕುತ್ತಿಗೆಯಲ್ಲಿ ಕ್ಯಾಮೆರಾ. ಏಣಿ ಇಡಲೆಂದು ತಡೆದಿರುವ ರಸ್ತೆ ಇನ್ನೇನು ತೆರೆಯುತ್ತದೆ, ಅದಕ್ಕೆ ಮೊದಲು ಮುಗಿಯಬೇಕು. ಮೇಡಂ ಫೋಟೊ ತೆಗೆದು ಒಪ್ಪಿಗೆ ಕೊಟ್ಟ ಮೇಲೆ ಬೋರ್ಡನ್ನು ಯಾರೂ ಮುಟ್ಟುವಂತಿಲ್ಲ. ಸೊಟ್ಟಗಿದ್ದರೆ ಸೊಟ್ಟಗೇ, ವರ್ಷಗಟ್ಟಲೆ. ಸೊಸೆ ದಡಬಡನೆ ಏಣಿ ಹತ್ತುತ್ತಾರೆ. ಇನ್ನು ನೀರಿನ ನೆಪಕ್ಕೂ ಇಳಿಯಲು ಹೊತ್ತಿಲ್ಲ.

ಮೇಡಂ ನೇರ ಅತ್ತೆಯ ಪಕ್ಕಕ್ಕೆ ಹೋಗುತ್ತಾರೆ. "ಅಮ್ಮಾ, ಹೇಗಿದ್ದೀರಿ? ಬೋರ್ಡ್ ಸರಿಯಿದೆಯಾ? ನೀವು ಸರಿ ಅಂದ್ರೆ ನಾನು ಫೋಟೊ ತೆಗೆದುಬಿಡ್ತೀನಿ."

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೇನೆ. ಮೇಲಿಂದ ಸೊಸೆಯೂ ಅತ್ತ ತಿರುಗಿ ನೋಡುತ್ತಿದ್ದಾರೆ. ಒಂದು 'ಸರಿ' ಅಂದರೆ ಮುಗಿಯಿತು. ಇಷ್ಟು ದಿನ ಅಂದಿದ್ದಾರಲ್ಲ, ಇನ್ನೊಂದು ಸಲ ಅನ್ನುವುದೇನು ದೊಡ್ಡದು. ಅತ್ತೆ ಕಣ್ಣು ಕಿರಿದಾಗಿಸಿ ನೋಡುತ್ತಾರೆ, ಬಲಕ್ಕೆ ಎರಡು ಹೆಜ್ಜೆ ಸರಿಯುತ್ತಾರೆ, ಮತ್ತೆ ಎಡಕ್ಕೆ ಬರುತ್ತಾರೆ.

"ನನಗೆ ಕಾಣಿಸ್ತಿಲ್ಲ ಮೇಡಂ," ಎನ್ನುತ್ತಾರೆ. ಮೆಲ್ಲಗಲ್ಲ, ಸೊಸೆಗೆ ಕೇಳುವಷ್ಟು ಗಟ್ಟಿಯಾಗಿ. "ಬೋರ್ಡಿದೆ ಅಂತ ಗೊತ್ತಾಗುತ್ತೆ. ಸರಿಯಿದೆಯೋ ಸೊಟ್ಟಗಿದೆಯೋ ಗೊತ್ತಾಗ್ತಿಲ್ಲ."

"ಅತ್ತೇ!"

"ಏನೇ ಅತ್ತೇ? ನೀನು ನೀರು ಕುಡಿಯೋ ನೆಪದಲ್ಲಿ ಇಳಿದು ಇಳಿದು ನೋಡೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಕಣ್ಣು ಮಂಜಾಗಿದೆ ಕಣೇ, ಕಿವಿ ಚೆನ್ನಾಗೇ ಇದೆ. ಒಂದು ನಟ್ಟಿಗೆ ನಾಲ್ಕು ಸಲ ಏಣಿ ಕಿರುಗುಟ್ಟಿದ್ರೆ ಕೇಳಿಸಲ್ವಾ? ಇಳಿ ಕೆಳಗೆ. ಬಂದು ಇಲ್ಲಿ ನಿಲ್ಲು."

ಸೊಸೆ ಇಳಿದು ರಸ್ತೆ ದಾಟಿ ಬರುತ್ತಾರೆ. ಕಣ್ಣಲ್ಲಿ ನೀರಿದೆ, ಒರೆಸಿಕೊಳ್ಳಲು ಕೈ ತುಂಬ ಗ್ರೀಸ್. ಅತ್ತೆ ಅವರ ಕೈಯಿಂದ ಸ್ಪ್ಯಾನರ್ ಕಸಿದುಕೊಂಡು, ಚಪ್ಪಲಿ ಬಿಟ್ಟು, ತೋಳೇರಿಸಿ, ಸರಸರನೆ ಈಚೆ ಬರುತ್ತಾರೆ. ಏನು ನಡೆಯುತ್ತಿದೆ ಎಂದು ನಮಗೆ ತಿಳಿಯುವ ಮೊದಲೇ ಅವರ ಒಂದು ಕಾಲು ಏಣಿಯ ಮೇಲಿದೆ.

"ಅತ್ತೇ, ಬೇಡ! ಬಿದ್ದರೆ ನಿಮ್ಮ ಮಗ ನನ್ನ ಸುಮ್ನೆ ಬಿಡ್ತಾರಾ!"

"ನನ್ನ ಮಗ ಇಲ್ಲಿ ಬಂದರೆ ತಾನೇ ಮೊದಲು ತಲೆ ತಿರುಗಿ ಬೀಳ್ತಾನೆ, ಬಿಡು. ರೀ ಪೇಪರಿನವರೇ, ಪೆನ್ನು ಜೇಬಿಗಿಟ್ಟು ಏಣಿ ಹಿಡ್ಕೊಳ್ಳಿ. ಸ್ವಾಮಿ, ನೀವು ಆ ಕಡೆ ಹಿಡ್ಕೊಳ್ಳಿ."

ನಾನು ಮತ್ತು ಅಂಗಡಿಯವರು ಏಣಿಯನ್ನು ತಬ್ಬಿಕೊಂಡು ನಿಲ್ಲುತ್ತೇವೆ. ಅತ್ತೆಯ ಬರಿಗಾಲು ನಮ್ಮ ತಲೆಯ ಮೇಲಿಂದ ಒಂದೊಂದೇ ಮೆಟ್ಟಿಲು ಏರಿಹೋಗುತ್ತದೆ, ಮನೆಯ ಅಟ್ಟಕ್ಕೆ ಹೋದಷ್ಟು ಸಲೀಸಾಗಿ. ಮೇಲೆ ಹೋಗಿ ಅವರು ಬೆರಳಿಂದ ಕೊಕ್ಕೆ ತಡವುತ್ತಾರೆ, ಸರಳು ತಡವುತ್ತಾರೆ, ನಟ್ಟಿಗೆ ಸ್ಪ್ಯಾನರ್ ಕೂರಿಸುತ್ತಾರೆ. ಈ ಕೆಲಸಕ್ಕೆ ದೂರದ ಕಣ್ಣು ಬೇಕಿಲ್ಲ.

"ಹೇಳೇ!"

ಆಚೆ ನಿಂತ ಸೊಸೆ ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. ಇಷ್ಟು ವರ್ಷ ಮೇಲಿಂದ ಕೇಳಿದವರು, ಹೇಳಿ ಅಭ್ಯಾಸವಿಲ್ಲ. ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ, ತಲೆ ವಾಲಿಸುತ್ತಾರೆ. ಕೈಗಳು ತಾವಾಗಿಯೇ ಸೊಂಟಕ್ಕೆ ಹೋಗುತ್ತವೆ.

"ಬಲಗಡೆ ಎರಡು ನೂಲು ಇಳಿಸಿ."

ಸ್ಪ್ಯಾನರ್ ಸದ್ದು.

"ಈಗ?"

"ಇನ್ನೂ ಒಂದು."

ಏಣಿ ಹಿಡಿದ ನಾನು ಮೇಲೆ ನೋಡುತ್ತೇನೆ. ಅತ್ತೆಯ ಕೈ ನಟ್ಟಿನ ಮೇಲಿದೆ, ಆದರೆ ತಿರುಗುತ್ತಿಲ್ಲ. ಅವರು ಸುಮ್ಮನೆ ಕಾಯುತ್ತಿದ್ದಾರೆ.

"ಈಗ?" ಎಂದು ಕೂಗುತ್ತಾರೆ.

ಆಚೆ ಸೊಸೆ ಇನ್ನೊಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಮೇಡಂ ಗಡಿಯಾರ ನೋಡಿಕೊಳ್ಳುತ್ತಾರೆ.

"ಇಲ್ಲ ಅತ್ತೆ," ಎನ್ನುತ್ತಾರೆ ಸೊಸೆ ಕೊನೆಗೆ. "ನೀವು ತಿರುಗಿಸಲೇ ಇಲ್ಲ."

ಏಣಿ ಅಲುಗುತ್ತದೆ. ನಾನು ಅದನ್ನು ಇನ್ನಷ್ಟು ಬಿಗಿಯಾಗಿ ತಬ್ಬುತ್ತೇನೆ. ಆಮೇಲೆ ತಿಳಿಯುತ್ತದೆ, ಅತ್ತೆ ನಗುತ್ತಿದ್ದಾರೆ. "ಆ ಆಟ ನನಗೂ ಬರುತ್ತೆ ಕಣೇ. ಹೋದ ವಾರ ಸ್ಪ್ಯಾನರ್ ಸದ್ದೇ ಬರಲಿಲ್ಲ, ಆದರೂ ಸರಿ ಅಂದೆ. ಕಾಣಿಸ್ತಿಲ್ಲ ಅನ್ನೋಕೆ ನನಗೆ ಭಯ ಆಗಿತ್ತು. ಈಗ ಇಲ್ಲ. ಕಣ್ಣು ಸರಿಯಿದೆ ನಿಂದು."

ಒಂದು ನೂಲು ತಿರುಗಿಸುತ್ತಾರೆ. "ಸರಿ!" ಎಂದು ಸೊಸೆ ಕೂಗುತ್ತಾರೆ, ಆ ಬೀದಿಗೆಲ್ಲ ಕೇಳುವ ಹಾಗೆ. ಮೇಡಂ ಫೋಟೊ ತೆಗೆಯುತ್ತಾರೆ. ಅಂಗಡಿಯವರು ಏಣಿ ಬಿಟ್ಟು ಓಡಿಹೋಗಿ ತಮ್ಮ ಬೋರ್ಡು ನೋಡಿಕೊಳ್ಳುತ್ತಾರೆ, ಅತ್ತೆಯ ಪೂರ್ತಿ ಭಾರ ನನ್ನ ಪಾಲಿಗೆ ಬರುತ್ತದೆ.

"ಡಾಕ್ಟರ ಹತ್ತಿರ ನಾಳೆನೇ ಹೋಗೋಣ," ಎನ್ನುತ್ತಾರೆ ಅತ್ತೆ ಮೇಲಿಂದ, ಸ್ಪ್ಯಾನರ್ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. "ಕಣ್ಣು ಬಂದ ಮೇಲೆ ಈ ಬೀದಿ ಬೋರ್ಡೆಲ್ಲ ಒಂದು ಸಲ ನೋಡ್ಕೊಂಡು ಬರಬೇಕು. ಇತ್ತೀಚೆಗೆ ನಾನು ಅಂದಿರೋ ಸರಿ ಯಾವುದು ಸರಿಯೋ, ಯಾವುದು ತಪ್ಪೋ."

ರಸ್ತೆ ತೆರೆಯುತ್ತದೆ, ಮೊದಲ ಗಾಡಿ ಹಾರ್ನ್ ಹೊಡೆಯುತ್ತದೆ. ಬಿಸಿಲು ಕಲ್ಲಿನ ಹೂಬಳ್ಳಿಯ ಮೇಲೆ ಬಿದ್ದಿದೆ, ಅತ್ತೆ ಅದರ ಎಲೆಯೊಂದನ್ನು ಅಂಗೈಯಲ್ಲಿ ಸವರುತ್ತಿದ್ದಾರೆ. ಕೆಲಸ ಮುಗಿದು ಸುಮಾರು ಹೊತ್ತಾಗಿದೆ. ನನ್ನ ತೋಳು ನೋಯುತ್ತಿದೆ.

"ಅತ್ತೇ, ಸಾಕು, ಇಳೀರಿ!"

"ಇಳೀತೀನಿ ಇರೇ," ಎನ್ನುತ್ತಾರೆ ಅವರು. "ಇಲ್ಲಿಗೆ ಬರೋಕೆ ಎಷ್ಟು ವರ್ಷ ಕಾದಿದ್ದೀನಿ ನಾನು."